ಇಸಬಗೋಲಿನ ಗುಣವಿರುವುದು ಅದು ಹಿಡಿದಿಡುವ ನೀರಿನಲ್ಲಿ

ಜಮಖಂಡಿಯ ಓದುಗ ಸಹೋದರರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಎಪ್ಪತ್ತೊಂದು ವರ್ಷದ ನಿಮ್ಮ ತಾಯಿಯವರು ಮಲಬದ್ಧತೆಗೆಂದು ಮೂರು ವಾರಗಳಿಂದ ಇಸಬಗೋಲ್ ಸೇವಿಸುತ್ತಿದ್ದಾರೆ, ಒಣ ಹೊಟ್ಟನ್ನೇ ಬಾಯಿಗೆ ಹಾಕಿಕೊಂಡು ಮೇಲೆ ಎರಡು ಗುಟುಕು ನೀರು ಕುಡಿಯುವುದು ಅವರ ರೂಢಿ, ಕಳೆದ ವಾರ ಅದು ಎದೆಯ ಹತ್ತಿರ ನಿಂತಂತಾಗಿ ಮನೆಯವರೆಲ್ಲ ಗಾಬರಿಯಾದಿರಿ ಎಂದು ಬರೆದಿದ್ದೀರಿ. ಇದರಲ್ಲಿ ರಾಸಾಯನಿಕ ಬೆರೆಸಿರುತ್ತಾರೆಯೆ, ಇದು ಚಟವಾಗುತ್ತದೆಯೆ, ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ಮಾತ್ರೆಗಳೊಂದಿಗೆ ನಡೆಯುತ್ತದೆಯೆ, ನಮ್ಮ ಕಾಮಕಸ್ತೂರಿ ಬೀಜವೂ ಇದೂ ಒಂದೆಯೆ ಎಂದು ಕೇಳಿದ್ದೀರಿ.

ಮೊದಲು ಗಂಟಲಿನ ಮಾತು. ತಾಯಿಯವರಿಗೆ ರೊಟ್ಟಿ, ಅನ್ನ ನುಂಗುವಾಗಲೂ ಹಾಗೆ ಸಿಕ್ಕಿಕೊಂಡಂತಾಗುತ್ತದೆಯೆ ಎಂಬುದನ್ನು ನೀವು ಬರೆದಿಲ್ಲ. ಆಗುತ್ತಿದ್ದರೆ ಇಸಬಗೋಲನ್ನು ಇಂದೇ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಆಗುತ್ತಿಲ್ಲವೆಂದಾದರೆ ತಪ್ಪಾಗಿರುವುದು ಸೇವಿಸುವ ಕ್ರಮದಲ್ಲಿ.

ಕಾರಣ ತಿಳಿಯಬೇಕಾದರೆ ಆ ಹೊಟ್ಟಿನ ಒಳಗುಟ್ಟು ತಿಳಿಯಬೇಕು. ಇಸಬಗೋಲ್ ಎಂಬುದು ಪ್ಲಾಂಟಾಗೊ ಓವೇಟಾ ಎಂಬ ಮೊಳಕಾಲೆತ್ತರವೂ ಬೆಳೆಯದ ಗಿಡದ ಬೀಜ. ದೋಣಿಯಂತೆ ಬಾಗಿದ ಅದರ ಆಕಾರ ಕಂಡು ಪಾರಸಿ ಭಾಷೆಯವರು ಕುದುರೆಯ ಕಿವಿ ಎಂಬರ್ಥದ ಹೆಸರಿಟ್ಟರು, ಅದೇ ನಮ್ಮ ಬಾಯಲ್ಲಿ ಇಸಬಗೋಲ್ ಆಯಿತು. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಗುಜರಾತ, ರಾಜಸ್ಥಾನ, ಮಧ್ಯಪ್ರದೇಶಗಳ ಹಿಂಗಾರಿ ಬೆಳೆ. ಕೊಯ್ಲಿನ ಹೊತ್ತಿಗೆ ಒಂದು ಮಳೆ ಬಿದ್ದರೆ ತೆನೆಯಲ್ಲೇ ಬೀಜ ಲೋಳೆಗಟ್ಟಿ ಬೆಳೆ ಹಾಳಾಗುತ್ತದೆ. ನೀರಿನ ಮೇಲೆ ಅದಕ್ಕಿರುವ ಸೆಳೆತ ಅಷ್ಟು ಬಲವಾದದ್ದು.

ಬೀಜದ ಹೊರಪದರವನ್ನು ಗಿರಣಿಯಲ್ಲಿ ಬಿಡಿಸಿ ತೂರಿದರೆ ಬರುವ ತೆಳುವಾದ ಬಿಳಿ ಸಿಪ್ಪೆಯೇ ನಾವು ಕೊಳ್ಳುವ ಹೊಟ್ಟು. ಬೀಜದ ತೂಕದ ಸುಮಾರು ಕಾಲು ಭಾಗ ಇದೇ ಇರುತ್ತದೆ. ಲೋಳೆ ಇರುವುದು ಈ ಸಿಪ್ಪೆಯ ಜೀವಕೋಶಗಳಲ್ಲಿ. ಅದರ ಮುಖ್ಯ ಅಂಶ ಅರಾಬಿನೊಕ್ಸೈಲಾನ್. ಕ್ಸೈಲೋಸ್ ಎಂಬ ಸಕ್ಕರೆಯ ಕಣಗಳು ಸರಪಳಿಯಾಗಿ ಸೇರಿ, ಅದಕ್ಕೆ ಅರಾಬಿನೋಸ್ ಮತ್ತು ಕ್ಸೈಲೋಸಿನ ಚಿಕ್ಕ ಚಿಕ್ಕ ಕವಲುಗಳು ಒತ್ತೊತ್ತಾಗಿ ಹತ್ತಿಕೊಂಡಿರುತ್ತವೆ. ಸಕ್ಕರೆ ಎಂಬ ಹೆಸರಿಗೆ ಹೆದರಬೇಡಿ, ಈ ಸರಪಳಿಯನ್ನು ಕತ್ತರಿಸುವ ಜೀರ್ಣರಸ ಮನುಷ್ಯನ ಕರುಳಿನಲ್ಲಿಲ್ಲವಾದ್ದರಿಂದ ಅದು ರಕ್ತಕ್ಕೆ ಸೇರುವುದಿಲ್ಲ. ದೊಡ್ಡ ಕರುಳಿನ ಸೂಕ್ಷ್ಮಜೀವಿಗಳೂ ಇದನ್ನು ಅಷ್ಟಾಗಿ ಒಡೆಯಲಾರವು. ಹೀಗಾಗಿ ಹೀರಿಕೊಂಡ ನೀರನ್ನು ಅದು ಕೊನೆಯವರೆಗೂ ಬಿಡದೆ ಒಯ್ದು ಮಲವನ್ನು ಮೃದುವಾಗಿಸುತ್ತದೆ. ಭೇದಿಯಲ್ಲಿ ಹೆಚ್ಚುವರಿ ನೀರನ್ನು ಹಿಡಿದಿಟ್ಟು ಮಲವನ್ನು ಗಟ್ಟಿಗೊಳಿಸುವುದೂ ಇದೇ ಗುಣ. ಆದ್ದರಿಂದ ಅದಕ್ಕೆ ಪ್ರತ್ಯೇಕ ರಾಸಾಯನಿಕ ಬೆರೆಸುವ ಅಗತ್ಯವೇ ಇಲ್ಲ. ಆದರೆ ಪೊಟ್ಟಣದ ಹಿಂಬದಿ ಓದಿರಿ. ರುಚಿಗೆಂದು ಸಕ್ಕರೆ ಸೇರಿಸಿದ ಬಗೆಯನ್ನು ತಾಯಿಯವರಿಗೆ ಕೊಡಬೇಡಿ.

ಒಳ್ಳೆಯ ಹೊಟ್ಟು ಒಂದು ಗ್ರಾಂ ಇದ್ದರೆ ನೀರಿನಲ್ಲಿ ಉಬ್ಬಿ ಕನಿಷ್ಠ 40 ಮಿಲಿಲೀಟರ್ ಆಗಬೇಕೆಂಬುದು ಔಷಧಶಾಸ್ತ್ರದ ಅಳತೆ. ನಿಮ್ಮ ಪತ್ರ ಓದಿದ ಮೇಲೆ ಬೆಳಗಾವಿಯ ನಮ್ಮ ಕಚೇರಿಯಲ್ಲಿ ಎರಡು ಸ್ಟೀಲ್ ಲೋಟ ಇಟ್ಟು ನೋಡಿದೆ. ಒಂದರಲ್ಲಿ ಒಂದು ಚಮಚ ಹೊಟ್ಟಿಗೆ ತುಂಬು ಲೋಟ ನೀರು, ಇನ್ನೊಂದರಲ್ಲಿ ಅಷ್ಟೇ ಹೊಟ್ಟಿಗೆ ಮೂರು ನಾಲ್ಕು ಗುಟುಕು ನೀರು. ಮೊದಲನೆಯದು ಒಂದೆರಡು ನಿಮಿಷ ಸಲೀಸಾಗಿ ಕುಡಿಯುವಂತಿದ್ದು ಆಮೇಲೆ ಗಂಜಿಯಂತಾಯಿತು. ಎರಡನೆಯದು ನಾನು ಒಂದು ಪುಟ ತಿದ್ದಿ ಮುಗಿಸುವಷ್ಟರಲ್ಲಿ ಗಟ್ಟಿಯಾಗಿ, ಲೋಟ ಬೋರಲು ಹಾಕಿದರೂ ಕೆಳಗೆ ಬೀಳಲಿಲ್ಲ. ತಾಯಿಯವರ ಅನ್ನನಾಳದಲ್ಲಿ ಆದದ್ದು ಇದೇ. ಅನ್ನನಾಳ ಕಟ್ಟುವ ಅಪಾಯದ ಕಾರಣಕ್ಕೆ ಅಮೆರಿಕದಲ್ಲಿ ಹರಳಿನ ರೂಪದ ಇಸಬಗೋಲ್ ವಿರೇಚಕಗಳನ್ನು 2007ರಲ್ಲಿ ಮಾರುಕಟ್ಟೆಯಿಂದ ತೆಗೆಸಲಾಯಿತು.

ಕಾಮಕಸ್ತೂರಿ ಬೇರೆಯೇ ಗಿಡ, ತುಳಸಿಯ ಬಳಗದ್ದು. ಅದರ ಲೋಳೆಯ ರಚನೆಯೂ ಬೇರೆ. ಆದರೆ ಬೇಸಿಗೆಯ ಶರಬತ್ತಿಗೆ ಅದನ್ನು ಯಾರೂ ಒಣಗಿದ್ದಂತೆಯೇ ಹಾಕಿ ನುಂಗುವುದಿಲ್ಲ, ನೆನೆಸಿ ಪ್ರತಿ ಬೀಜದ ಸುತ್ತ ಲೋಳೆ ಅರಳಿದ ಮೇಲೆಯೇ ಕುಡಿಯುತ್ತೇವೆ. ನಮ್ಮ ಮನೆಗಳಲ್ಲಿ ಆಗಲೇ ಇರುವ ಆ ತಿಳಿವಳಿಕೆಯನ್ನು ಇಸಬಗೋಲಿಗೂ ಅನ್ವಯಿಸಿದರೆ ಸಾಕು.

ಚಟದ ಭಯ ಬೇಡ. ಸೋನಾಮುಖಿಯಂಥ ವಿರೇಚಕಗಳು ಕರುಳನ್ನು ಕೆರಳಿಸಿ ಕೆಲಸ ಮಾಡಿಸುತ್ತವೆ, ಇದು ಕೇವಲ ಗಾತ್ರ ಮತ್ತು ತೇವ ಕೊಡುತ್ತದೆ. ಅದಕ್ಕೇ ನಿಧಾನ, 12ರಿಂದ 72 ಗಂಟೆ ಹಿಡಿಯುತ್ತದೆ. ಇಂದು ಆಗಲಿಲ್ಲವೆಂದು ಎರಡು ಚಮಚ ಏರಿಸುವುದು ಸಲ್ಲದು. ಈ ಲೋಳೆ ಪಿತ್ತರಸದ ಆಮ್ಲಗಳನ್ನು ಹಿಡಿದು ಹೊರಗೊಯ್ಯುವುದರಿಂದ, ಹೊಸ ಪಿತ್ತರಸಕ್ಕಾಗಿ ಯಕೃತ್ತು ರಕ್ತದ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ. ದಿನಕ್ಕೆ ಇದರಿಂದ 7 ಗ್ರಾಂ ಕರಗುವ ನಾರು ಪಡೆದರೆ ಹೃದಯಕ್ಕೆ ಅನುಕೂಲವಾಗಬಹುದೆಂದು ಬರೆಯಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1998ರಲ್ಲಿ ಒಪ್ಪಿಗೆ ಕೊಟ್ಟಿದ್ದು ಈ ಆಧಾರದ ಮೇಲೆಯೇ. ಆದರೆ ಇಳಿಕೆ ಸಾಧಾರಣವಾದದ್ದು, ವೈದ್ಯರು ಬರೆದ ಮಾತ್ರೆ ಬಿಡಿಸುವಷ್ಟು ಅಲ್ಲ.

ಕೊನೆಯದು ಮಾತ್ರೆಗಳ ವಿಷಯ. ಪಿತ್ತವನ್ನು ಹಿಡಿಯುವ ಲೋಳೆ ಔಷಧವನ್ನೂ ತನ್ನೊಳಗೆ ಸಿಕ್ಕಿಸಿಕೊಂಡು ಅದು ರಕ್ತಕ್ಕೆ ಸೇರುವುದನ್ನು ತಡಮಾಡಬಲ್ಲದು. ಊಟದ ನಂತರ ಸಕ್ಕರೆ ಏರುವ ವೇಗವನ್ನೂ ತಗ್ಗಿಸುವುದರಿಂದ, ಸಕ್ಕರೆ ಕಾಯಿಲೆಯ ವೈದ್ಯರಿಗೆ ಈ ವಿಷಯ ತಿಳಿಸಿರಬೇಕು. ತಾಯಿಯವರು ಥೈರಾಯ್ಡ್ ಮಾತ್ರೆಯನ್ನು ನಸುಕಿನಲ್ಲಿ, ಸಕ್ಕರೆಯ ಮಾತ್ರೆಯನ್ನು ಎರಡೂ ಊಟದೊಂದಿಗೆ ತೆಗೆದುಕೊಳ್ಳುತ್ತಾರೆಂದು ಬರೆದಿದ್ದೀರಿ. ಹಾಗಿದ್ದರೆ, ನುಂಗುವ ತೊಂದರೆಯಿಲ್ಲವೆಂದು ವೈದ್ಯರು ಹೇಳಿದ ಮೇಲೆ, ಸಂಜೆ ನಾಲ್ಕರ ಸುಮಾರಿಗೆ, ಅವರು ನೆಟ್ಟಗೆ ಕುಳಿತಿರುವಾಗ, ಒಂದು ಚಮಚ ಹೊಟ್ಟನ್ನು ತುಂಬು ಲೋಟ ನೀರಿನಲ್ಲಿ ಕದಡಿ ಕೂಡಲೇ ಕುಡಿಸಿ, ಹಿಂದೆಯೇ ಇನ್ನೊಂದು ಲೋಟ ನೀರು ಕೊಡಿ. ಮಲಗುವ ಹೊತ್ತಿಗೆ ಕೊಡಬೇಡಿ. ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಬಿಗಿದು ವಾಂತಿಯಾದರೆ, ಚಮಚವನ್ನು ಪಕ್ಕಕ್ಕಿಟ್ಟು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸಂಪಾದಕ