ಕುಮಟಾದ ಕಡೆ ಗ್ರಂಥಾಲಯದಲ್ಲಿ ಹೊಸ ಡಿವಿಡಿ, ಹಾಡಿನ ಸಿಡಿ ಎರವಲು ಸಿಗುತ್ತವೆಯೇ?

ಅಮೆರಿಕದಿಂದ ಕುಮಟಾಕ್ಕೆ ವಾಪಸ್ ಬಂದಿದ್ದೀರಿ. ಅಲ್ಲಿ ಗ್ರಂಥಾಲಯದ ಕಾರ್ಡ್ ತೋರಿಸಿ ಹೊಸ ಸಿನಿಮಾ ಡಿವಿಡಿ, ಹಾಡಿನ ಸಿಡಿ ಮನೆಗೆ ತರುತ್ತಿದ್ದಿರಿ, ಇಲ್ಲಿ ಹಾಗೆ ಉಂಟಾ ಅಂತ ಕೇಳಿದ್ದೀರಿ. ಮನೆಯಲ್ಲಿ ನೆಟ್ ಸರಿ ಬರುವುದಿಲ್ಲ, ಅಪ್ಪನಿಗೆ ಯಕ್ಷಗಾನದ ಹುಚ್ಚು ಅಂತಲೂ ಬರೆದಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ, ಹೊಸ ಡಿವಿಡಿಗಳ ಕಪಾಟು ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ನಾನು ಈ ಕಡೆಯ ಎರಡು ಮೂರು ಗ್ರಂಥಾಲಯಗಳಲ್ಲಿ ಕೇಳಿ ನೋಡಿದವನು. ಒಂದು ಕಡೆ "ಸಿಡಿ ಉಂಟಲ್ಲ" ಅಂತ ಖುಷಿಯಿಂದ ಎದ್ದು ಹೋಗಿ ಒಂದು ದಪ್ಪ ಕಂಪ್ಯೂಟರ್ ಪುಸ್ತಕ ತಂದು ಕೊಟ್ಟರು. ಹಿಂದಿನ ರಟ್ಟಿಗೆ ಪ್ಲಾಸ್ಟಿಕ್ ಚೀಲ ಅಂಟಿಸಿತ್ತು. ಚೀಲ ಇತ್ತು, ಸಿಡಿ ಇರಲಿಲ್ಲ.

ಹಾಗಂತ ಕಾನೂನು ಅಡ್ಡ ಬರುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸಿನಿಮಾ, ಹಾಡಿನ ಪ್ರತಿಯನ್ನು ದುಡ್ಡಿಗಾಗಿ ಬಾಡಿಗೆಗೆ ಕೊಡಲು ಹಕ್ಕುದಾರರ ಒಪ್ಪಿಗೆ ಬೇಕು. ಆದರೆ 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿದಾಗ, ಲಾಭಕ್ಕಲ್ಲದ ಗ್ರಂಥಾಲಯ ಸರಿಯಾಗಿ ಕೊಂಡ ಸಿಡಿ, ಡಿವಿಡಿಯನ್ನು ಲಾಭದ ಉದ್ದೇಶವಿಲ್ಲದೆ ಎರವಲು ಕೊಟ್ಟರೆ ಅದು ಆ ಬಾಡಿಗೆಯ ಲೆಕ್ಕಕ್ಕೆ ಬರುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ದುಡ್ಡೂ ನಮ್ಮದೇ. ಮನೆ ತೆರಿಗೆ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ತೆರಿಗೆಯ ಮೇಲೆ ಶೇಕಡಾ 6. ಅದಕ್ಕೇ ನಾನು ಹೇಳುವುದು, ಬಾಯಲ್ಲಿ ಕೇಳಿ ಬರಬೇಡಿ, ಒಂದು ಹಾಳೆಯಲ್ಲಿ ಬರೆದು ಕೊಡಿ. ನಾಲ್ಕು ಜನ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಆದರೆ ಈಗಲೇ ತರಿಸಿಬಿಡುತ್ತಾರೆ ಅಂತಲ್ಲ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ.

2020ರಲ್ಲಿ ಶುರುವಾದ ಕರ್ನಾಟಕದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ ಉಂಟು, ಸದಸ್ಯತ್ವ ಉಚಿತ. ಆದರೆ ಅದು ಹೆಚ್ಚಾಗಿ ಓದುವವರಿಗೆ. ನಿಮ್ಮ ನೆಟ್ಟಿನ ಕತೆ ಬೇರೆ ಹಾಗಿದೆ.

ಇನ್ನೊಂದು ಮಾತು. ಹೊಸ ಕನ್ನಡ ಸಿನಿಮಾ ಈಗ ಥಿಯೇಟರಿನಿಂದ ಒಟಿಟಿಗೆ ಹೋಗುತ್ತದೆ, ಡಿವಿಡಿಗೆ ಕಾಯುವವರು ಯಾರಿದ್ದಾರೆ? ಅಂಚೆಯಲ್ಲಿ ಡಿವಿಡಿ ಕಳಿಸಿಯೇ ದೊಡ್ಡದಾದ ನೆಟ್‌ಫ್ಲಿಕ್ಸ್ ಕೂಡ 2023ರಲ್ಲಿ ಆ ಕೆಲಸ ನಿಲ್ಲಿಸಿತು. ಹಾಗಾಗಿ ಹೊಸದನ್ನು ಬಿಡಿ. ನಿಮ್ಮ ಅಪ್ಪನಿಗೆ ಬೇಕಾದ್ದು ಹಳೆಯದು, ಮತ್ತು ಅದು ಗ್ರಂಥಾಲಯದಲ್ಲಿಲ್ಲ, ಮನೆಗಳ ಅಟ್ಟದ ಮೇಲೆ ಉಂಟು.

ಹೊನ್ನಾವರದಿಂದ ಶಿರಸಿವರೆಗೆ ಯಕ್ಷಗಾನದ ಆಟದ ಹುಚ್ಚಿದ್ದ ಯಾವ ಮನೆಗಾದರೂ ಹೋಗಿ, ಒಂದು ಬಿಸ್ಕತ್ತಿನ ಡಬ್ಬಿ ಸಿಗುತ್ತದೆ. ಒಳಗೆ ತಾಳಮದ್ದಲೆಯ ಕ್ಯಾಸೆಟ್, ಯಕ್ಷಗಾನದ ವಿಸಿಡಿ, ಅಂದರೆ ಸಿಡಿಯಲ್ಲೇ ತುಂಬಿದ ವಿಡಿಯೊ. ಹಾಡುವ ಭಾಗವತರಾಗಿದ್ದ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ, ಡಿವಿಡಿ ಹುಟ್ಟುವ ಮೊದಲೇ. ಅವರ ಪದ್ಯ ಬೇಕಾದರೆ ಕ್ಯಾಸೆಟ್, ಇಲ್ಲವೇ ಆ ಕ್ಯಾಸೆಟ್ಟಿನಿಂದ ಇಳಿಸಿದ ಸಿಡಿಯೇ ಗತಿ. 2009ರಲ್ಲಿ ತೀರಿಹೋದ ಕೆರೆಮನೆ ಶಂಭು ಹೆಗಡೆ, 2017ರಲ್ಲಿ ತೀರಿಹೋದ ಚಿಟ್ಟಾಣಿ ರಾಮಚಂದ್ರ ಹೆಗಡೆ, ಈ ವೇಷಧಾರಿಗಳ ಆಟ ಡಿಸ್ಕಿನಲ್ಲಿ ಸಿಕ್ಕರೆ ಬಿಡಬೇಡಿ. ಚಿಟ್ಟಾಣಿಯವರ ಕೀಚಕನನ್ನು ಟಿವಿಯಲ್ಲಿ ನೋಡುವುದು ಆಟದ ಬಯಲಲ್ಲಿ ನೋಡಿದ ಹಾಗಲ್ಲ ಅಂತ ನಮ್ಮ ಆಯಿ ಈಗಲೂ ಗೊಣಗುತ್ತಾಳೆ, ಆದರೆ ಎದ್ದು ಹೋಗುವುದಿಲ್ಲ.

ವಿಸಿಡಿ ನಿಮ್ಮ ಡಿವಿಡಿ ಪ್ಲೇಯರಿನಲ್ಲಿ ಸಾಮಾನ್ಯವಾಗಿ ಓಡುತ್ತದೆ. ಒಂದರಲ್ಲಿ ಹಿಡಿಸುವುದು ಸುಮಾರು ಒಂದೂಕಾಲು ಗಂಟೆ. ಮೂರು ಗಂಟೆಯ ಪ್ರಸಂಗಕ್ಕೆ ಮೂರು ಡಿಸ್ಕ್ ಬೇಕು. ಭಾಗವತರು ಪದ್ಯ ಎತ್ತಿದ ಹೊತ್ತಿಗೇ ಡಿಸ್ಕ್ ಮುಗಿಯುತ್ತದೆ, ಅಪ್ಪ ಬೈದರೆ ಬೇಜಾರು ಮಾಡಿಕೊಳ್ಳಬೇಡಿ. ಅಮೆರಿಕದಿಂದ ಡಿವಿಡಿ ತಂದಿದ್ದರೆ ಅದು ಇಲ್ಲಿನ ಪ್ಲೇಯರಿನಲ್ಲಿ ಓಡದೇ ಇರಬಹುದು. ಅಲ್ಲಿನ ಡಿವಿಡಿಗೆ ಪ್ರದೇಶ ಸಂಖ್ಯೆ 1, ನಮ್ಮದು 5. ಎಲ್ಲ ಪ್ರದೇಶದ್ದೂ ಓಡಿಸುವ ಪ್ಲೇಯರ್ ಬೇಕು.

ಎರವಲು ತಂದ ಡಿಸ್ಕನ್ನು ನಮ್ಮ ಮಳೆಗಾಲದಲ್ಲಿ ಕಾಪಾಡುವುದೇ ದೊಡ್ಡ ಕೆಲಸ. ಬೂಸಲು ಹಿಡಿದರೆ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆ ನೇರವಾಗಿ ಒರೆಸಿ, ಗುಂಡಗೆ ತಿಕ್ಕಬೇಡಿ. ಹಪ್ಪಳ ಒಣಗಿಸಿದ ಹಾಗೆ ಬಿಸಿಲಿಗೂ ಇಡಬೇಡಿ. ಮನೆಯಲ್ಲಿ ಕಾಪಿ ಮಾಡಿದ ಡಿಸ್ಕಿನಲ್ಲಿ ಇರುವುದು ಒಂದು ಥರದ ಬಣ್ಣ, ಬಿಸಿಲಿಗೆ ಅದು ಕೆಡುತ್ತದೆ. ಹೊಳೆಯುವ ಬದಿ ಗೀರಿದರೆ ಮಾತ್ರ ಹಾಳು ಅಂತ ನಾನೂ ತಿಳಿದಿದ್ದೆ. ಅಪ್ಪಚ್ಚಿಯಿಂದ (ಚಿಕ್ಕಪ್ಪನಿಂದ) ತಂದ ಒಂದು ಸಿಡಿಯ ಮೇಲೆ, ತಪ್ಪಿ ಹೋಗಬಾರದು ಅಂತ, ಬಾಲ್ ಪೆನ್ನು ಒತ್ತಿ ಅವನ ಹೆಸರು ಬರೆದೆ. ನಾಲ್ಕನೇ ಪದ್ಯದಿಂದ ಮುಂದೆ ಬರೀ ಕಟಕಟ. ಸಿಡಿಯಲ್ಲಿ ಹಾಡು ಇರುವ ಪದರ ಹೆಸರು ಅಚ್ಚಾದ ಬದಿಗೇ ಅಂಟಿಕೊಂಡಿರುತ್ತದೆ. ಡಿವಿಡಿಯಲ್ಲಿ ಅದು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ, ಹಾಗಾಗಿ ಅದು ಸ್ವಲ್ಪ ತಾಳಿಕೊಳ್ಳುತ್ತದೆ. ಅಪ್ಪಚ್ಚಿ ಎರಡು ತಿಂಗಳು ನನಗೆ ಏನೂ ಕೊಡಲಿಲ್ಲ.

ನೀವು ಕುಮಟಾ ಪೇಟೆಯ ಹತ್ತಿರವೇ ಇದ್ದರೆ ನಮ್ಮ ಡಬ್ಬಿ ನೋಡಲು ಬನ್ನಿ, ಅಪ್ಪನನ್ನೂ ಕರೆದುಕೊಂಡು ಬನ್ನಿ. ಗದಾಯುದ್ಧದ ಮೂರನೇ ಡಿಸ್ಕ್ ಮಾತ್ರ ಕೇಳಬೇಡಿ. ಅದನ್ನು ಯಾರೋ ತೆಗೆದುಕೊಂಡು ಹೋಗಿದ್ದಾರೆ, ಯಾರು ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ. ದುರ್ಯೋಧನ ಇನ್ನೂ ಕೊಳದೊಳಗೇ ಇದ್ದಾನೆ.