ನಾನು ಅಮೆರಿಕದ ಸಿಟಿಜನ್, ಹೆಂಡತಿ ಚೀನಾದವಳು. ಗ್ರೀನ್ ಕಾರ್ಡ್ ಕೆಲಸ ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ಓದಿದೆ. ನೀವು ಹಾಸನದ ಕಡೆಯವರು, ಈಗ ಅಮೆರಿಕದ ಸಿಟಿಜನ್. ಮದುವೆಯಾಗಿ ಕೆಲವು ತಿಂಗಳಾಗಿದೆ, ಹೆಂಡತಿ ಇನ್ನೂ ಚೆಂಗ್ಡುವಿನಲ್ಲಿದ್ದಾರೆ. ಯಾವ ಫಾರಂ ಮೊದಲು ಹಾಕಬೇಕು, ಎಷ್ಟು ಕಾಲ ಹಿಡಿಯುತ್ತದೆ, ವಕೀಲರು ಬೇಕಾ ಅಂತ ಕೇಳಿದ್ದೀರಿ. ನನ್ನ ಹೆಂಡತಿಯೂ ಚೀನಾದವಳೇ, ಹುನಾನ್ ಪ್ರಾಂತ್ಯದವಳು. ನಾನು ಶಿವಮೊಗ್ಗದವನು. ನಾವೂ ಇದನ್ನೆಲ್ಲ ಮಾಡಿ ಮುಗಿಸಿದ್ದೇವೆ, ಹಾಗಾಗಿ ಗೊತ್ತಿರುವುದನ್ನು ಹೇಳುತ್ತೇನೆ.

ಎಲ್ಲರೂ ಅಮೆರಿಕದ ಫಾರಂಗಳ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಅವು ಉದ್ದ ಇವೆ ಅಷ್ಟೇ, ಕಷ್ಟ ಇಲ್ಲ. ಕೇಸ್ ನಿಲ್ಲುವುದು ಚೀನಾ ಕಡೆಯ ಕಾಗದಗಳ ಮೇಲೆ, ನಿಮ್ಮಿಬ್ಬರ ಸಂಸಾರ ನಿಜ ಅಂತ ತೋರಿಸುವ ಪುರಾವೆಗಳ ಮೇಲೆ. ಐ-130, ಅಂದರೆ ಹೆಂಡತಿಗಾಗಿ ನೀವು ಹಾಕುವ ಮೊದಲ ಅರ್ಜಿ, ಅದನ್ನು ಹಾಕಿ, ಉತ್ತರ ಬರಲಿ ಅಂತ ಸುಮ್ನೆ ಕೂರಬೇಡಿ. ಕಾಯುವ ಆ ತಿಂಗಳುಗಳಲ್ಲೇ ಚೀನಾದ ಕೆಲಸ ಮುಗಿಸಿಕೊಳ್ಳಿ.

ದಾರಿ ಹೀಗಿದೆ. ನೀವು ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ಐ-130 ಹಾಕಬೇಕು, ಜೊತೆಗೆ ಹೆಂಡತಿಯ ವಿವರಗಳ ಐ-130ಎ. 2024ರ ಏಪ್ರಿಲ್‌ನಲ್ಲಿ ನಿಗದಿಯಾದ ಫೀ ಆನ್‌ಲೈನ್‌ನಲ್ಲಿ 625 ಡಾಲರ್, ಕಾಗದದಲ್ಲಿ 675. ಹಾಕುವ ದಿನ ಸೈಟಿನಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಸಿಟಿಜನ್‌ನ ಗಂಡ ಹೆಂಡತಿಗೆ ವರ್ಷಕ್ಕಿಷ್ಟೇ ವೀಸಾ ಅನ್ನುವ ಮಿತಿ ಇಲ್ಲ, ಅದು ನಿಮಗೆ ದೊಡ್ಡ ಅನುಕೂಲ. ಅರ್ಜಿ ಒಪ್ಪಿಗೆಯಾದ ಮೇಲೆ ಫೈಲು ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ನಲ್ಲಿರುವ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ 325 ಮತ್ತು 120 ಡಾಲರ್ ಕಟ್ಟಿ, ವಲಸೆ ವೀಸಾದ ಆನ್‌ಲೈನ್ ಅರ್ಜಿ ಡಿಎಸ್-260 ತುಂಬಿ, ಕಾಗದಗಳನ್ನು ಅಪ್‌ಲೋಡ್ ಮಾಡಬೇಕು. ಆಮೇಲೆ ಸಂದರ್ಶನ. ಚೆಂಗ್ಡುವಿನಲ್ಲಿದ್ದ ಅಮೆರಿಕದ ಕಾನ್ಸುಲೇಟ್ 2020ರ ಜುಲೈನಲ್ಲೇ ಮುಚ್ಚಿತು. ಅದು ಇದ್ದಿದ್ದರೂ ಈ ಕೆಲಸ ಅಲ್ಲಿ ಆಗುತ್ತಿರಲಿಲ್ಲ. ಚೀನಾದ ಮುಖ್ಯ ಭೂಭಾಗಕ್ಕೆಲ್ಲ ವಲಸೆ ವೀಸಾ ಕೊಡುವುದು ಗುವಾಂಗ್‌ಝೌ ಕಾನ್ಸುಲೇಟ್ ಒಂದೇ. ಒಟ್ಟು ಒಂದೂವರೆಯಿಂದ ಎರಡು ವರ್ಷ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಬೇಗ ಆದರೆ ಸಂತೋಷ.

ಈಗ ನೋಟರಿ ಪುಸ್ತಕದ ವಿಷಯ. ಇದನ್ನು ನಿಧಾನವಾಗಿ ಓದಿ.

ಚೀನಾದ ಜನನ ಪತ್ರವನ್ನೋ ಕೆಂಪು ರಟ್ಟಿನ ಮದುವೆ ಪುಸ್ತಕವನ್ನೋ ಹಾಗೇ ಸ್ಕ್ಯಾನ್ ಮಾಡಿ ಕಳಿಸಿದರೆ ವೀಸಾ ಹಂತದಲ್ಲಿ ಸಾಕಾಗುವುದಿಲ್ಲ. ಅಲ್ಲಿ ಸರ್ಕಾರಿ ನೋಟರಿ ಕಚೇರಿಗಳಿವೆ, ಗೊಂಗ್‌ಝೆಂಗ್‌ಚು ಅಂತಾರೆ. ಅವರು ಮೂಲ ದಾಖಲೆ ನೋಡಿ ತೆಳ್ಳಗಿನ ಒಂದು ಪುಸ್ತಕ ಮಾಡಿಕೊಡುತ್ತಾರೆ. ಒಳಗೆ ಚೀನೀ ಭಾಷೆಯ ಪತ್ರ, ಅದರ ಇಂಗ್ಲಿಷ್ ಅನುವಾದ, ಕೆಂಪು ಮುದ್ರೆ ಇರುತ್ತವೆ. ಹುಟ್ಟಿಗೆ ಒಂದು, ಮದುವೆಗೆ ಒಂದು, ಪೊಲೀಸ್ ಕೇಸ್ ಇಲ್ಲ ಅನ್ನುವುದಕ್ಕೆ ಒಂದು. ಮೊದಲ ಎರಡನ್ನು ಈಗಲೇ ಮಾಡಿಸಿ. ಪೊಲೀಸ್ ದಾಖಲೆಗೆ ಅವಧಿ ಇರುತ್ತದೆ, ಅದನ್ನು ವೀಸಾ ಸೆಂಟರ್ ಹಂತ ಬಂದಾಗ ಮಾಡಿಸಿದರೆ ಸಾಕು. ನಿಮ್ಮ ಹೆಂಡತಿ 16 ವರ್ಷ ತುಂಬಿದ ಮೇಲೆ ಜಪಾನ್, ಸಿಂಗಪುರ ಅಂತ ಬೇರೆ ಎಲ್ಲಾದರೂ ಒಂದು ವರ್ಷ ಅಥವಾ ಜಾಸ್ತಿ ಇದ್ದಿದ್ದರೆ ಆ ದೇಶದ ಪೊಲೀಸ್ ಪತ್ರವೂ ಬೇಕು. ಅದಕ್ಕೆ ಬೇಗ ಕೈ ಹಾಕಿ.

ಚೀನಾದಲ್ಲಿ ಆಸ್ಪತ್ರೆಯ ಜನನ ಪ್ರಮಾಣಪತ್ರ ಒಂದೇ ನಮೂನೆಯಲ್ಲಿ ಬಂದದ್ದು 1996ರಿಂದ. ಅದಕ್ಕೂ ಮೊದಲು ಹುಟ್ಟಿದವರ ಹತ್ತಿರ ಅದು ಇರುವುದಿಲ್ಲ. ನಮ್ಮಲ್ಲಿ ಹಳಬರ ಹುಟ್ಟಿದ ದಿನಕ್ಕೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡೇ ಆಧಾರ ಅಲ್ವಾ, ಹಾಗೆ ಅಲ್ಲಿ ಹುಕೌ ಪುಸ್ತಕ. ಅದು ಇಡೀ ಮನೆಯವರ ನೋಂದಣಿ ಪುಸ್ತಕ. ನೋಟರಿಯವರು ಅದನ್ನೂ ಹಳೆಯ ಕಡತಗಳನ್ನೂ ನೋಡಿ ಬರೆಯುತ್ತಾರೆ.

ನಮ್ಮ ಅತ್ತೆಯೇ ಆ ಕಚೇರಿಗೆ ಹೋಗಿದ್ದರು. ಪುಸ್ತಕ ಕೈಗೆ ಬಂದ ತಕ್ಷಣ ಅಲ್ಲೇ ಬೆಂಚಿನ ಮೇಲೆ ಕೂತು, ಚೀನಾದ ಚಾಟ್ ಆ್ಯಪ್ ವೀಚಾಟ್‌ನ ವಿಡಿಯೊದಲ್ಲಿ ಒಂದೊಂದೇ ಪುಟ ತಿರುವಿ ತೋರಿಸಿದರು. ಅತ್ತೆಯ ಮನೆತನದ ಹೆಸರು ಲ್ಯೂ. ಅವರ ಪಾಸ್‌ಪೋರ್ಟಿನಲ್ಲಿ ಅದು ಎಲ್-ವೈ-ಯು. ಪುಸ್ತಕದ ಇಂಗ್ಲಿಷ್ ಪುಟದಲ್ಲಿ ಎಲ್-ವಿ ಅಂತ ಬಂದಿತ್ತು. ಚೀನಾದಲ್ಲಿ ಹಿಂದೆ ಹಾಗೆ ಬರೆಯುತ್ತಿದ್ದರು, ಈಗಿನ ಪಾಸ್‌ಪೋರ್ಟ್ ನಿಯಮ ಬೇರೆ. ಹೆಂಡತಿ ಫೋನಿನಲ್ಲೇ ಅದನ್ನು ಹಿಡಿದಳು, ಅತ್ತೆ ಕೌಂಟರಿಗೆ ವಾಪಸ್ ಹೋಗಿ ತಿದ್ದಿಸಿಕೊಂಡರು. ನೀವೂ ಹಾಗೇ ಮಾಡಿ. ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ತಂದೆ ತಾಯಿಯ ಹೆಸರು, ಹಳೆಯ ಹೆಸರು ಏನಾದರೂ ಹುಕೌನಲ್ಲಿದ್ದರೆ ಅದು, ಎಲ್ಲವನ್ನೂ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಹೆಸರನ್ನೂ ಬಿಡಬೇಡಿ. ನಮ್ಮ ಕಡೆಯವರ ಇನಿಷಿಯಲ್, ಊರ ಹೆಸರು, ಅಪ್ಪನ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇರುತ್ತವೆ. ಚೀನಾದ ಮದುವೆ ಪುಸ್ತಕದಲ್ಲಿ ನಿಮ್ಮ ಹೆಸರು ಅಮೆರಿಕದ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು.

ಇನ್ನೊಂದು ವಿಷಯ ಇದೆ. ನಿಮ್ಮ ಹೆಂಡತಿಯ ಜೊತೆ ಈ ವಾರವೇ ಕೂತು ಕೇಳಿ: ಕಮ್ಯುನಿಸ್ಟ್ ಪಾರ್ಟಿಯ ಸದಸ್ಯತ್ವ ಇತ್ತಾ? ನಮಗೆ ಇದು ವಿಚಿತ್ರ ಪ್ರಶ್ನೆ ಅನ್ನಿಸಬಹುದು. ಆ ಪಾರ್ಟಿಗೆ ಹತ್ತು ಕೋಟಿಯ ಆಸುಪಾಸು ಸದಸ್ಯರಿದ್ದಾರೆ. ಕಾಲೇಜಿನಲ್ಲಿ ಓದಿನಲ್ಲಿ ಮುಂದಿದ್ದವರನ್ನು ಸೇರಿಸಿಕೊಳ್ಳುವುದು ಅಲ್ಲಿ ಮಾಮೂಲು. ಆದರೆ ಅಮೆರಿಕದ ವಲಸೆ ಕಾನೂನಿನ ಪ್ರಕಾರ ಪಾರ್ಟಿಯಲ್ಲಿ ಇರುವವರಿಗೆ, ಹಿಂದೆ ಇದ್ದವರಿಗೆ ಗ್ರೀನ್ ಕಾರ್ಡ್ ನಿರಾಕರಿಸಬಹುದು. ವಿನಾಯಿತಿಗಳೂ ಇವೆ. 16 ವರ್ಷದೊಳಗೆ ಸೇರಿದ್ದರೆ, ಬಲವಂತಕ್ಕೆ ಸೇರಿದ್ದರೆ, ಕೆಲಸ ಉಳಿಸಿಕೊಳ್ಳಲು ಬೇರೆ ದಾರಿ ಇಲ್ಲದೆ ಸೇರಿದ್ದರೆ ಒಂದು ಲೆಕ್ಕ. ಬಿಟ್ಟು 5 ವರ್ಷ ಆಗಿದ್ದರೆ ಇನ್ನೊಂದು. ಯಾವುದೂ ಹೊಂದದಿದ್ದರೆ ಸಿಟಿಜನ್‌ನ ಹೆಂಡತಿ ಅನ್ನುವ ಕಾರಣಕ್ಕೆ ಐ-601 ಹಾಕಿ ಮನ್ನಾ ಕೇಳಬಹುದು. ಸಕಾರಣವಿಲ್ಲದೆ ಸತತ ಆರು ತಿಂಗಳು ಚಂದಾ ಕಟ್ಟದೆ, ಅಥವಾ ಸಭೆಗೆ ಹೋಗದೆ, ಅಥವಾ ಪಾರ್ಟಿ ಕೆಲಸ ಮಾಡದೆ ಇದ್ದರೆ ತಾನಾಗಿ ಬಿಟ್ಟಂತೆ ಅಂತ ಪಾರ್ಟಿಯ ಸಂವಿಧಾನದಲ್ಲೇ ಇದೆ. ಕೊನೆಯ ಚಂದಾ ಯಾವಾಗ ಕಟ್ಟಿದರು ಅನ್ನುವುದಕ್ಕೆ ಏನಾದರೂ ಕಾಗದ ಸಿಗುತ್ತದಾ ಹುಡುಕಿ. ಶಾಲೆಯಲ್ಲಿ ಮಕ್ಕಳ ಸಂಘಟನೆಯ ಕೆಂಪು ಸ್ಕಾರ್ಫ್ ಕಟ್ಟಿದ್ದು, ಪಾರ್ಟಿಯ ಯುವ ಸಂಘಟನೆಯಾದ ಯೂತ್ ಲೀಗ್‌ನಲ್ಲಿ ಇದ್ದದ್ದು ಪಾರ್ಟಿ ಸದಸ್ಯತ್ವ ಅಲ್ಲ. ಆದರೂ ಯಾವ ಯಾವ ಸಂಘಟನೆಯಲ್ಲಿ ಇದ್ದಿರಿ ಅಂತ ಕೇಳುವ ಜಾಗದಲ್ಲಿ ನಿಜ ಬರೆಯಿರಿ. ಮುಚ್ಚಿಡಿ ಅಂತ ಯಾರೇ ಹೇಳಿದರೂ ಕೇಳಬೇಡಿ. ಸದಸ್ಯತ್ವ ಇದ್ದರೂ ದಾರಿ ಇದೆ. ಸುಳ್ಳು ಹೇಳಿದ್ದು ಗೊತ್ತಾದರೆ ಅದೇ ಜೀವನಪೂರ್ತಿ ಅಡ್ಡ ಬರುತ್ತದೆ.

ಸಂಸಾರದ ಪುರಾವೆಯಲ್ಲಿ ನಮ್ಮಂಥ ಜೋಡಿಗಳಿಗೆ ಒಂದು ತೊಡಕಿದೆ. ಚೀನಾದಲ್ಲಿ ವಾಟ್ಸಾಪ್ ನಡೆಯುವುದಿಲ್ಲ. ಭಾರತದಲ್ಲಿ 2020ರ ಜೂನ್‌ನಿಂದ ವೀಚಾಟ್ ನಿಷೇಧ. ಹಾಗಾಗಿ ಬೀಗರು ಬೀಗರು ಒಂದೇ ಗುಂಪಿನಲ್ಲಿ ಮಾತಾಡುವ ಹಾಗಿಲ್ಲ. ನಮ್ಮಮ್ಮ ವಾಟ್ಸಾಪ್‌ನಲ್ಲಿ ಕಳಿಸಿದ ಹಬ್ಬದ ಫೋಟೊವನ್ನು ನಾನು ವೀಚಾಟ್‌ಗೆ ಹಾಕುವುದು, ಅಲ್ಲಿಂದ ಬಂದದ್ದನ್ನು ಇಲ್ಲಿಗೆ, ಹೀಗೇ ನಡೆಯಿತು. ಎರಡೂ ಕಡೆಯ ಚಾಟ್‌ನಿಂದ ತಿಂಗಳಿಗೆ ಒಂದೆರಡು ಪುಟ ತೆಗೆದು ಕೊಟ್ಟೆವು. ನಾವಿಬ್ಬರು ಮಾತಾಡುವುದು ಇಂಗ್ಲಿಷ್‌ನಲ್ಲಿ, ನಡುನಡುವೆ ಚೀನೀ ಅಕ್ಷರ. ಅಷ್ಟಕ್ಕೆ ಅನುವಾದ ಸೇರಿಸಿದೆವು. ಸಾವಿರ ಪುಟ ತುಂಬುವುದು ಬೇಡ. ಫೋಟೊ ಕೆಳಗೆ ದಿನಾಂಕ, ಜಾಗ, ಯಾರು ಯಾರು ಅಂತ ಬರೆಯಿರಿ. ನಮ್ಮ ಫೈಲಿನಲ್ಲಿ ಅಮ್ಮ ಸೊಸೆಗೆ ಕುಂಕುಮ ಇಡುತ್ತಿರುವ ಒಂದು ಫೋಟೊ ಇತ್ತು, ಹಿಂದೆ ಮಾವ ಚಹಾ ಬಟ್ಟಲು ಹಿಡಿದು ನಿಂತಿದ್ದಾರೆ. ಎರಡೂ ಮನೆಯವರು ಒಂದೇ ಚಿತ್ರದಲ್ಲಿ ಇರುವುದು ತುಂಬ ಬೆಲೆಬಾಳುತ್ತದೆ. ವಿಮಾನದ ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟ್ ಮುದ್ರೆ, ಹಣ ಕಳಿಸಿದ ರಸೀದಿ, ಇನ್ಶೂರೆನ್ಸ್‌ನಲ್ಲಿ ಹೆಂಡತಿಯ ಹೆಸರು, ಇವೆಲ್ಲ ಇಡಿ. ಒಂದು ವೇಳೆ ನಿಮ್ಮದು ಅಮೆರಿಕದ ಯೂಟಾ ಕೌಂಟಿ ವಿಡಿಯೊ ಕರೆಯಲ್ಲೇ ಮಾಡಿಸುವ ಮದುವೆಯಾಗಿದ್ದರೆ, ಈಗ ಚೀನಾ ಕಡೆಯ ಜೋಡಿಗಳು ಅದನ್ನು ಜಾಸ್ತಿ ಮಾಡುತ್ತಾರೆ, ಮದುವೆಯ ನಂತರ ನೀವಿಬ್ಬರೂ ಒಂದೇ ಕಡೆ ಸೇರಿ ಗಂಡ ಹೆಂಡತಿಯಾಗಿ ಕೂಡಿದ್ದಕ್ಕೆ ದಾಖಲೆ ಇರಲೇಬೇಕು. ಇಲ್ಲದಿದ್ದರೆ ವಲಸೆ ಕಾನೂನು ಆ ಮದುವೆಯನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಹಣದ ಭಾಗ ಸುಲಭ. ಐ-864ರಲ್ಲಿ ಹೆಂಡತಿಯನ್ನು ಸಾಕುವ ಹೊಣೆ ನಿಮ್ಮದು ಅಂತ ಸಹಿ ಹಾಕುತ್ತೀರಿ. 2025ರ ಲೆಕ್ಕದಲ್ಲಿ ಇಬ್ಬರ ಮನೆಗೆ ವರ್ಷಕ್ಕೆ 26,437 ಡಾಲರ್ ಆದಾಯ ಸಾಕಿತ್ತು. ಡೈವೋರ್ಸ್ ಆದರೂ ಆ ಹೊಣೆ ಹೋಗುವುದಿಲ್ಲ, ತಿಳಿದು ಸಹಿ ಮಾಡಿ. ಒಂದು ಎಚ್ಚರಿಕೆ: ಮದುವೆಯಾದ ವರ್ಷದಿಂದ ಟ್ಯಾಕ್ಸ್ ರಿಟರ್ನ್‌ನಲ್ಲಿ ಸಿಂಗಲ್ ಅಂತ ಹಾಕಬಾರದು. ಹೆಂಡತಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇನ್ನೂ ಇಲ್ಲ ಅಂತ ಕೆಲವರು ಹಾಗೆ ಹಾಕಿಬಿಡುತ್ತಾರೆ. ಆಮೇಲೆ ಅಧಿಕಾರಿ ಕೇಳುವ ಮೊದಲ ಪ್ರಶ್ನೆಯೇ ಅದಾಗಬಹುದು.

ಗುವಾಂಗ್‌ಝೌ ಕಾನ್ಸುಲೇಟ್ ಝುಜಿಯಾಂಗ್ ನ್ಯೂ ಟೌನ್‌ನಲ್ಲಿದೆ. ಸಂದರ್ಶನಕ್ಕೆ ಮೊದಲೇ ಅವರು ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಮೆಡಿಕಲ್ ಮುಗಿಸಬೇಕು. ನನ್ನ ಹೆಂಡತಿ ಒಬ್ಬಳೇ ಒಳಗೆ ಹೋದಳು. ಚೀನೀ ಭಾಷೆಯಲ್ಲೇ ಕೇಳಿದರಂತೆ. ಎಲ್ಲಿ ಭೇಟಿಯಾದಿರಿ, ಗಂಡ ಏನು ಕೆಲಸ ಮಾಡುತ್ತಾರೆ, ಅವರ ಮನೆಯಲ್ಲಿ ಯಾರಿದ್ದಾರೆ, ಮದುವೆಗೆ ಯಾರು ಬಂದಿದ್ದರು, ಮನೆಯಲ್ಲಿ ಯಾವ ಭಾಷೆ. ನಮ್ಮ ತಮ್ಮನ ಹೆಸರು, ಅಮ್ಮನ ಊರು, ಎಲ್ಲ ಸಲೀಸಾಗಿ ಹೇಳಿದ್ದಳು. ಅದಕ್ಕೆ ಬಾಯಿಪಾಠ ಬೇಡ. ನಿಮ್ಮ ಮನೆಯವರ ಜೊತೆ ಈಗಿನಿಂದಲೇ ನಿಮ್ಮ ಹೆಂಡತಿಯನ್ನು ಮಾತಾಡಿಸಿ, ಅಷ್ಟು ಸಾಕು.

ಮದುವೆಗೆ ಎರಡು ವರ್ಷ ತುಂಬುವ ಮೊದಲು ಅಮೆರಿಕಕ್ಕೆ ಕಾಲಿಟ್ಟರೆ ಎರಡು ವರ್ಷದ ಷರತ್ತಿನ ಕಾರ್ಡ್ ಸಿಗುತ್ತದೆ. ಆಮೇಲೆ ಐ-751 ಹಾಕಿ ಷರತ್ತು ತೆಗೆಸಬೇಕು, ಅದಕ್ಕೆ 750 ಡಾಲರ್ ಬೇರೆ. ನಿಮ್ಮ ವೀಸಾ ಬರುವ ಹೊತ್ತಿಗೆ ಎರಡನೇ ವಾರ್ಷಿಕೋತ್ಸವ ಹತ್ತಿರವಿದ್ದು, ವೀಸಾದ ಅವಧಿಯೂ ಇದ್ದರೆ, ವಾರ್ಷಿಕೋತ್ಸವ ಮುಗಿಸಿಕೊಂಡು ಅವರು ವಿಮಾನ ಹತ್ತಲಿ. ನೇರವಾಗಿ ಹತ್ತು ವರ್ಷದ ಕಾರ್ಡ್.

ಎಚ್-1ಬಿ ಉದ್ಯೋಗ ವೀಸಾದಲ್ಲಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಉದ್ಯೋಗದ ಗ್ರೀನ್ ಕಾರ್ಡ್ ಸಾಲು ಪಾಸ್‌ಪೋರ್ಟ್ ಮೇಲಲ್ಲ, ಹುಟ್ಟಿದ ದೇಶದ ಮೇಲೆ. ಆದರೆ ಹೆಂಡತಿ ಅಥವಾ ಗಂಡ ಹುಟ್ಟಿದ ದೇಶದ ಸಾಲಿನಲ್ಲಿ ನಿಲ್ಲಲು ಕಾನೂನು ಬಿಡುತ್ತದೆ. 2025ರ ಅಕ್ಟೋಬರ್‌ನಲ್ಲಿ ಉದ್ಯೋಗದ ಗ್ರೀನ್ ಕಾರ್ಡ್‌ನ ಇಬಿ-2 ವರ್ಗದಲ್ಲಿ ಭಾರತದ ಸಾಲು 2013ರಲ್ಲಿ ಅರ್ಜಿ ಹಾಕಿದವರ ತನಕ ಬಂದಿತ್ತು, ಚೀನಾದ್ದು 2021ರ ತನಕ. ಚೀನಾದಲ್ಲಿ ಹುಟ್ಟಿದವರನ್ನು ಮದುವೆಯಾದ ಭಾರತೀಯರಿಗೆ ಎಂಟು ವರ್ಷದ ವ್ಯತ್ಯಾಸ. ನಿಮ್ಮ ಕಂಪನಿಯ ವಕೀಲರು ತಾವಾಗಿ ಹೇಳಲಿಕ್ಕಿಲ್ಲ, ನೀವೇ ಕೇಳಿ.

ಮುಂದೆ ಪೌರತ್ವದ ವಿಷಯ ಬಂದಾಗ ಆತುರ ಬೇಡ. ಸಿಟಿಜನ್ ಜೊತೆ ಬಾಳುತ್ತಿದ್ದರೆ ಮೂರು ವರ್ಷಕ್ಕೆ ಅರ್ಜಿ ಹಾಕಬಹುದು. ಆದರೆ ಬೇರೆ ದೇಶದ ಪೌರತ್ವ ಪಡೆದ ದಿನವೇ ಚೀನಾದ್ದು ಹೋಗುತ್ತದೆ. ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ನಮ್ಮ ಒಸಿಐ ಕಾರ್ಡ್ ಥರದ್ದು ಅಲ್ಲಿ ಇಲ್ಲ. ತಂದೆ ತಾಯಿಯನ್ನು ನೋಡಲು ಹೋಗಲಿಕ್ಕೂ ವೀಸಾ ಬೇಕು. ನನ್ನ ಹೆಂಡತಿ ಇನ್ನೂ ಗ್ರೀನ್ ಕಾರ್ಡ್‌ನಲ್ಲೇ ಇದ್ದಾಳೆ. ವಯಸ್ಸಾದ ಅತ್ತೆ ಮಾವ ಅಲ್ಲಿದ್ದಾರೆ, ಅವಳ ನಿರ್ಧಾರ ಸರಿ ಅಂತ ನನಗೂ ಅನ್ನಿಸುತ್ತದೆ. ಹಾಸನಕ್ಕೆ ಕರೆದುಕೊಂಡು ಹೋಗುವುದಾದರೆ, ಚೀನಾದವರಿಗೆ ಭಾರತದ ಪ್ರವಾಸಿ ವೀಸಾ 2025ರ ಜುಲೈನಿಂದ ಮತ್ತೆ ಸಿಗುತ್ತಿದೆ. ನಿಮ್ಮ ಹತ್ತಿರ ಒಸಿಐ ಇದ್ದು ಮದುವೆಗೆ ಎರಡು ವರ್ಷ ತುಂಬಿದ್ದರೆ ಹೆಂಡತಿಗೂ ಒಸಿಐ ಕೇಳಬಹುದು. ಭದ್ರತಾ ತಪಾಸಣೆ ಆಗಿಯೇ ಕೊಡುತ್ತಾರೆ.

ವಕೀಲರ ಬಗ್ಗೆ ಕೇಳಿದ್ದಿರಿ. ಪಾರ್ಟಿ ಸದಸ್ಯತ್ವ, ಹಿಂದೆ ಅಮೆರಿಕದಲ್ಲಿ ವೀಸಾ ಮೀರಿ ಉಳಿದದ್ದು, ವೀಸಾ ಅರ್ಜಿಯಲ್ಲಿ ತಪ್ಪು ಮಾಹಿತಿ, ಪೊಲೀಸ್ ಕೇಸ್, ಇವುಗಳಲ್ಲಿ ಒಂದಿದ್ದರೂ ಒಳ್ಳೆಯ ವಲಸೆ ವಕೀಲರಿಗೆ ದುಡ್ಡು ಕೊಡಿ. ಇಲ್ಲದಿದ್ದರೆ ಸೂಚನೆಗಳನ್ನು ಪೂರ್ತಿ ಓದಿ ನೀವೇ ಹಾಕಬಹುದು, ನಾವು ಹಾಗೇ ಹಾಕಿದ್ದು. ನಿಮ್ಮ ಹೆಂಡತಿಗೆ ಮೊದಲ ಮದುವೆಯ ಮಗು ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಆ ಮಗು ತಾಯಿಯ ಅರ್ಜಿಯಲ್ಲೇ ಬರುತ್ತದೆ ಅಂದುಕೊಳ್ಳಬೇಡಿ. ಸಿಟಿಜನ್ ಹಾಕುವ ಅರ್ಜಿಯಲ್ಲಿ ಹಾಗಾಗುವುದಿಲ್ಲ. ನಿಮ್ಮ ಮದುವೆಯ ದಿನ ಮಗುವಿಗೆ 18 ತುಂಬಿರದಿದ್ದರೆ ಅದಕ್ಕೆ ಬೇರೆ ಐ-130 ಹಾಕಬೇಕು, ತಾಯಿಯದ್ದರ ಜೊತೆಗೇ ಹಾಕಿ.