ಸಂಪಾದಕರ ಉತ್ತರ: ಅಕ್ಕ ಹೇಳಿದ್ದನ್ನೇ ಬರೆದಿರಿ, ಒಳ್ಳೆಯದೇ ಆಯಿತು

ಈ ಸಲದ ಪತ್ರಗಳಲ್ಲಿ ಒಂದಕ್ಕೆ ನಾಲ್ಕು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ. ಬರೆದವರು ಗದಗ ಕಡೆಯ ವಿದ್ಯಾರ್ಥಿನಿ. ಬಿ.ಎ. ಮೊದಲ ವರ್ಷ, ಕಾಲೇಜಿನ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದಲ್ಲಿದ್ದಾರೆ. ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ, ಹಾಕಿಲ್ಲ. ಪತ್ರ ಉದ್ದ ಇದೆ, ಮುಖ್ಯ ಭಾಗ ಇದು:

"ನಮ್ಮ ಓಣಿಯ ಅಕ್ಕ ಒಬ್ಬರಿಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಅವರ ಬಿ.ಎ. ಕೊನೆಯ ವರ್ಷದ ಪರೀಕ್ಷೆಗೆ ನಾನು ಸ್ಕ್ರೈಬ್ ಆಗಿ ಹೋಗಿದ್ದೆ. ಅವರು ಹೇಳೋದು, ನಾನು ಬರೆಯೋದು. ಇತಿಹಾಸದ ಪತ್ರಿಕೆಯಲ್ಲಿ ತಾಳಿಕೋಟೆ ಯುದ್ಧದ ಪ್ರಶ್ನೆ ಬಂತು. ಅಕ್ಕ ಉತ್ತರ ಚೆನ್ನಾಗಿ ಹೇಳಿದರು, ಆದರೆ ಇಸವಿ 1556 ಅಂದರು. 1565 ಅಂತ ನನಗೆ ಗೊತ್ತಿತ್ತು. ಪೆನ್ನು ಹಿಡಿದು ಹಾಗೇ ಕೂತುಬಿಟ್ಟೆ. ರೂಮಿನಲ್ಲಿದ್ದ ಮೇಲ್ವಿಚಾರಕರು ಹತ್ತಿರ ಬಂದು ನೋಡಿ, 'ಪಾಪ, ಕಣ್ಣು ಕಾಣದ ಹುಡುಗಿ, ಸರಿ ಮಾಡಿ ಬರೆದುಬಿಡಮ್ಮಾ, ನಿನಗೂ ಪುಣ್ಯ ಬರುತ್ತೆ' ಅಂತ ಮೆಲ್ಲಗೆ ಹೇಳಿದರು. ನಾನು 1556 ಅಂತಲೇ ಬರೆದೆ. ಗೆಳತಿಯರಿಗೆ ಹೇಳಿದರೆ, ನಿನಗೆ ಕರುಣೆಯೇ ಇಲ್ವಾ ಅಂತ ಬೈದರು. ನಾನು ಮಾಡಿದ್ದು ಸರಿಯಾ? ಇದನ್ನು ಅಕ್ಕನಿಗೆ ಹೇಳಬೇಕಾ? ಇನ್ನೊಮ್ಮೆ ಕರೆದರೆ ಹೋಗಬೇಕಾ?"

ನೀವು ಮಾಡಿದ್ದು ಸರಿ. ಇದರಲ್ಲಿ ನನಗೆ ಸ್ವಲ್ಪವೂ ಅನುಮಾನ ಇಲ್ಲ. ಆ ಒಂದು ಅಂಕ ಹೋದರೆ ಹೋಗಲಿ. ಆ ಉತ್ತರ ಪತ್ರಿಕೆ ಅಕ್ಕನದು, ತಪ್ಪೂ ಅವರದೇ, ಉಳಿದ ಸರಿಯೆಲ್ಲವೂ ಅವರದೇ. ನೀವು ಒಂದು ಕಡೆ ತಿದ್ದಿದ್ದರೆ ಉಳಿದದ್ದರ ಮೇಲೂ ಅವರ ಹಕ್ಕು ಸಡಿಲ ಆಗುತ್ತಿತ್ತು. ನಾಳೆ ಅವರು ಬಿ.ಎಡ್. ಮಾಡಿ ಇತಿಹಾಸದ ಟೀಚರ್ ಆದರು ಅಂದುಕೊಳ್ಳಿ. ಆಗಲೂ "ಪರೀಕ್ಷೆ ಬೇರೆಯವರು ಬರೆದದ್ದಲ್ವಾ" ಅನ್ನುವ ಜನ ಇರುತ್ತಾರೆ. ಕಣ್ಣು ಕಾಣದವರು ಓದಿ ಪಾಸಾದಾಗಲೆಲ್ಲ ಈ ಮಾತು ಅವರ ಬೆನ್ನು ಹತ್ತುತ್ತದೆ. ಆ ಮಾತನ್ನು ಹೇಳುವವರ ಕಣ್ಣಿಗೆ ಕಣ್ಣು ಕೊಟ್ಟು ನಿಲ್ಲಬೇಕಾದರೆ, ಬರೆದುಕೊಟ್ಟ ಒಬ್ಬೊಬ್ಬರೂ ನಿಮ್ಮ ಹಾಗೆ ಬರೆದಿರಬೇಕು.

ಮೇಲ್ವಿಚಾರಕರು ಕೆಟ್ಟವರಲ್ಲ, ಅದು ನನಗೆ ಗೊತ್ತು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಆ ಮಾತಿನಲ್ಲಿ ಅಕ್ಕ ಓದಿದ ಮೂರು ವರ್ಷ ಎಲ್ಲಿದೆ ಹೇಳಿ? ಅದೂ ಗದಗದಲ್ಲಿ ಕೂತು ಈ ಮಾತು! ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಗಂಟೆಗಟ್ಟಲೆ ರಿಯಾಜ್ ಮಾಡಿ ದೊಡ್ಡ ದೊಡ್ಡ ಗಾಯಕರಾಗಿ ಹೊರಗೆ ಬಂದ ಊರು ಅದು. ಪುಟ್ಟರಾಜ ಗವಾಯಿಗಳು ಎಳೆಯ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡವರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಕೃತಿ ರಚಿಸಿದರು, ಊರೂರಿಗೆ ನಾಟಕ ಕಂಪನಿ ಕಟ್ಟಿಕೊಂಡು ಹೋದರು, 2010ರಲ್ಲಿ ಪದ್ಮಭೂಷಣ ಬಂತು. ಅವರ ಪಕ್ಕ ಕೂತು ಬರೆದುಕೊಳ್ಳುವ ಶಿಷ್ಯ, ಪಾಪ ಅಂತ ಒಂದು ಸಾಲು ತಾನೇ ಸೇರಿಸಿಬಿಡುತ್ತಾನಾ? ಓಣಿಯ ಅಕ್ಕನ ವಿಷಯದಲ್ಲೂ ಅದೇ ಮರ್ಯಾದೆ ಇರಬೇಕು.

ಕಾನೂನು ಏನು ಹೇಳುತ್ತೆ ಅಂತಲೂ ತಿಳಿದಿರಲಿ. ಅಂಗವಿಕಲರು ಬರೆಯುವ ಲಿಖಿತ ಪರೀಕ್ಷೆಗಳಿಗೆ ಕೇಂದ್ರ ಸರ್ಕಾರ 2013ರಲ್ಲಿ ಮಾರ್ಗಸೂಚಿ ಹೊರಡಿಸಿತು, 2018ರಲ್ಲಿ ಅದನ್ನು ಪರಿಷ್ಕರಿಸಿತು. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಇನ್ನೊಂದು ಗಂಟೆ. ಅಭ್ಯರ್ಥಿಯೇ ಸ್ಕ್ರೈಬ್ ಕರೆತಂದರೆ ಅವರು ಓದಿನಲ್ಲಿ ಒಂದು ಹಂತ ಕೆಳಗಿರಬೇಕು ಅಂತ 2018ರ ಮಾರ್ಗಸೂಚಿ ಹೇಳಿತು. ಹೆಚ್ಚು ಓದಿದವರು ಕೂತರೆ ಉತ್ತರ ಯಾರದು ಅನ್ನುವ ಪ್ರಶ್ನೆ ಬರುತ್ತದಲ್ಲ, ಅದಕ್ಕೇ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆ ಇದ್ದ ನಾಗರಿಕ ಸೇವಾ ಪರೀಕ್ಷೆಯ ಅಭ್ಯರ್ಥಿಯೊಬ್ಬರು ಹೋಗಿದ್ದ ಪ್ರಕರಣ ಅದು. ಶೇ 40ರಷ್ಟು ಅಂಗವೈಕಲ್ಯ ಇಲ್ಲ ಅನ್ನುವ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸುವ ಹಾಗಿಲ್ಲ ಅಂತ ಕೋರ್ಟ್ ಹೇಳಿತು. ಅಕ್ಕನ ಪಕ್ಕದಲ್ಲಿ ನೀವು ಕೂತದ್ದು ಅವರಿಗೆ ಕಾನೂನು ಕೊಟ್ಟ ಹಕ್ಕು. ನಿಮಗೆ ಪುಣ್ಯ ಬರುತ್ತೋ ಇಲ್ವೋ, ಆ ಲೆಕ್ಕವನ್ನು ಪರೀಕ್ಷೆ ಕೋಣೆಯ ಹೊರಗೆ ಇಡೋಣ.

ಈಗ ನನಗೆ ಹೆಚ್ಚು ಮುಖ್ಯ ಅನ್ನಿಸುವ ವಿಷಯ. ಇಸವಿ ತಿದ್ದಬೇಕಿತ್ತಾ ಅಂತ ನೀವು ಇಷ್ಟು ಕೊರಗಿದ್ದೀರಿ. ಆದರೆ ಸ್ಕ್ರೈಬ್‌ನಿಂದ ಅಂಕ ಹೋಗುವುದು ಬೇರೆ ಕಡೆಯಿಂದ, ಮತ್ತು ಅದರ ಬಗ್ಗೆ ಯಾರೂ ಕೊರಗುವುದಿಲ್ಲ. ಅಭ್ಯರ್ಥಿ ಐದು ವಾಕ್ಯ ಹೇಳಿದರೆ ಕೈ ನೋಯುತ್ತೆ ಅಂತ ಮೂರಕ್ಕೆ ಇಳಿಸುವವರಿದ್ದಾರೆ. ಹೆಸರುಗಳ ಕಾಗುಣಿತ ಬಾರದವರಿದ್ದಾರೆ. ಎರಡನೇ ಗಂಟೆಯ ಹೊತ್ತಿಗೆ ಅಕ್ಷರ ಯಾರಿಗೂ ಓದಲಾಗದ ಹಾಗೆ ಆಗಿರುತ್ತದೆ. ಪ್ರಶ್ನೆ ಸಂಖ್ಯೆ ತಪ್ಪು ಹಾಕುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು, ಬರ್ತೀನಿ ಅಂತ ಒಪ್ಪಿಕೊಂಡು ಬೆಳಿಗ್ಗೆ ಫೋನ್ ಆಫ್ ಮಾಡಿಕೊಳ್ಳುವುದು. ಪರೀಕ್ಷೆಯ ತಿಂಗಳಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ತಮ್ಮ ತಮ್ಮ ಪರೀಕ್ಷೆ ಇರುತ್ತೆ, ಹಾಗಾಗಿ ಬರೆಯುವವರೇ ಸಿಗುವುದಿಲ್ಲ. "ನಾಳೆ ಬೆಳಿಗ್ಗೆ 10ಕ್ಕೆ ಸ್ಕ್ರೈಬ್ ಬೇಕು, ಅರ್ಜೆಂಟ್" ಅಂತ ವಾಟ್ಸಾಪ್‌ನಲ್ಲಿ ಹರಿದಾಡುವ ಮೆಸೇಜ್ ನೀವೂ ನೋಡಿರುತ್ತೀರಿ. ವರ್ಷವಿಡೀ ಓದಿದವರು ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಬದಿಗಿಟ್ಟು ಇಪ್ಪತ್ತು ಜನಕ್ಕೆ ಫೋನ್ ಮಾಡಬೇಕು. ಇದನ್ನು ನೆನೆದರೆ ನನಗೆ ನಿಜವಾಗಿ ಸಂಕಟ ಆಗುತ್ತೆ.

ಕಾಲೇಜು ದಿನಗಳಲ್ಲಿ ನಾನೂ ಕೆಲವು ಸಲ ಆ ಕುರ್ಚಿಯಲ್ಲಿ ಕೂತವನು. ಅರ್ಥಶಾಸ್ತ್ರ ಓದುತ್ತಿದ್ದ ಹುಡುಗ ಒಬ್ಬನಿಗೆ ಬರೆಯುತ್ತಿದ್ದೆ. ಪ್ರಶ್ನೆ ಪತ್ರಿಕೆ ಪೂರ್ತಿ ಓದಿಸಿಕೊಂಡ ಮೇಲೆ ಅವನು ಬಾಯಿಬಿಡುತ್ತಿರಲಿಲ್ಲ. ಬ್ರೈಲ್ ಸ್ಲೇಟ್ ತೆಗೆದು ದಪ್ಪ ಕಾಗದ ಸಿಕ್ಕಿಸಿ, ಮೊಳೆಯಂಥ ಸ್ಟೈಲಸ್‌ನಿಂದ ಟಕಟಕ ಅಂತ ಬಲದಿಂದ ಎಡಕ್ಕೆ ಚುಚ್ಚುತ್ತಾ ಹೋಗುತ್ತಿದ್ದ. ಚುಕ್ಕೆ ಉಬ್ಬುವುದು ಕಾಗದದ ಆ ಬದಿಗೆ, ಹಾಗಾಗಿ ಬರೆಯುವುದು ಬಲದಿಂದ, ತಿರುಗಿಸಿ ಓದುವುದು ಎಡದಿಂದ. ಒಂದೊಂದು ಉತ್ತರಕ್ಕೂ ನಾಲ್ಕೈದು ಗುರುತು ಮಾಡಿಕೊಂಡು, ಆಮೇಲೆ ಅವುಗಳ ಮೇಲೆ ಬೆರಳಾಡಿಸುತ್ತಾ ಉತ್ತರ ಹೇಳಲು ಶುರು ಮಾಡಿದರೆ ನನ್ನ ಕೈಗೆ ಬಿಡುವಿರುತ್ತಿರಲಿಲ್ಲ. "ಇಲ್ಲಿ ಹೊಸ ಪ್ಯಾರಾ", "ಅದಕ್ಕೆ ಅಡಿಗೆರೆ ಎಳಿ", "ಎಷ್ಟು ಪುಟ ಆಯ್ತು?" ಅಂತ ಮಧ್ಯೆ ಮಧ್ಯೆ ಕೇಳುತ್ತಿದ್ದ. ಈ ಪುಟದ ಪ್ರಶ್ನೆ ನೋಡಿ, ಕಣ್ಣು ಕಾಣುವವರು ಕೇಳಬೇಕಾದ್ದೇ ಇಲ್ಲ. ಉತ್ತರ ಎಷ್ಟುದ್ದ ಆಯ್ತು, ಎಷ್ಟು ಹೊತ್ತು ಉಳಿದಿದೆ, ಯಾವ ಪ್ರಶ್ನೆ ಬಿಟ್ಟಿದ್ದೇವೆ, ಎಲ್ಲ ನಮಗೆ ಒಂದು ನೋಟಕ್ಕೆ ಸಿಗುತ್ತೆ. ಅಭ್ಯರ್ಥಿ ಕೇಳುವ ಮೊದಲೇ ಇವನ್ನೆಲ್ಲ ಹೇಳುವುದು ಒಳ್ಳೆಯ ಸ್ಕ್ರೈಬ್‌ನ ಕೆಲಸ.

ಇನ್ನು ಬರೆದದ್ದನ್ನು ಓದಿ ಹೇಳುವ ವಿಚಾರ. ನಾವೆಲ್ಲ ಉತ್ತರ ಬರೆದ ಮೇಲೆ ಒಂದು ಸಲ ಕಣ್ಣಾಡಿಸುತ್ತೇವೆ, ಅಲ್ವಾ? ಅಕ್ಕನಿಗೂ ಆ ಅವಕಾಶ ಬೇಕು. ಒಂದು ಉತ್ತರ ಮುಗಿದ ಕೂಡಲೇ "ಓದಿ ಹೇಳಲಾ ಅಕ್ಕ?" ಅಂತ ಕೇಳಿ. ಹೂಂ ಅಂದರೆ ಮೊದಲ ಪದದಿಂದ ಕೊನೆಯ ಪದದವರೆಗೆ ಒಂದೇ ದನಿಯಲ್ಲಿ ಓದಿ. ಅವರೇ "ತಡಿ, ಅರವತ್ತೈದು" ಅಂದರೆ ಹೊಡೆದು ಬರೆಯಿರಿ, ಅದು ಅವರ ತಿದ್ದುಪಡಿ. ಆದರೆ ತಪ್ಪಿರುವ ಕಡೆ ಮಾತ್ರ ನಿಂತು "ಹದಿನೈದುನೂರ ಐವತ್ತಾ…ರಾ?" ಅಂತ ರಾಗ ಎಳೆದಿರೋ, ಅದು ಉತ್ತರ ಹೇಳಿಕೊಟ್ಟ ಹಾಗೇ. ಸರಿ ಇರುವ ಉತ್ತರವನ್ನೂ ತಪ್ಪಿರುವ ಉತ್ತರವನ್ನೂ ಒಂದೇ ಥರ ಓದುವುದು ಕೇಳಲು ಸುಲಭ, ಮಾಡಲು ಕಷ್ಟ. ಅಭ್ಯಾಸ ಬೇಕು. ಅದಕ್ಕೇ ಪರೀಕ್ಷೆಗೆ ಮೊದಲು ಇಬ್ಬರೂ ಕೂತು ಹಳೆಯ ಪ್ರಶ್ನೆ ಪತ್ರಿಕೆ ಒಂದನ್ನು ಬರೆದು ನೋಡಬೇಕು. ಸ್ಕ್ರೈಬ್ ಅನ್ನು ಎರಡು ದಿನ ಮೊದಲೇ ಭೇಟಿಯಾಗಲು ಅಭ್ಯರ್ಥಿಗೆ ಅವಕಾಶ ಇರಬೇಕು ಅಂತ ಅದೇ 2018ರ ಮಾರ್ಗಸೂಚಿ ಹೇಳಿತು. ಎಷ್ಟೋ ಕಡೆ ಮೊದಲ ಬೆಲ್ ಹೊಡೆದಾಗಲೇ ಇಬ್ಬರೂ ಮೊದಲ ಸಲ ಮಾತಾಡುವುದು.

ಅಕ್ಕನಿಗೆ ಹೇಳಬೇಕಾ ಅಂತ ಕೇಳಿದ್ದೀರಿ. ಹೇಳಿ. ಅವರಿಗೆ ಈಗಾಗಲೇ ಗೊತ್ತಿರಲಿಕ್ಕೂ ಸಾಕು. ಮೇಲ್ವಿಚಾರಕರು ಮೆಲ್ಲಗೆ ಹೇಳಿದರು ಅಂತ ಬರೆದಿದ್ದೀರಿ, ಅಕ್ಕ ಕೂತಿದ್ದದ್ದು ನಿಮ್ಮ ಪಕ್ಕದಲ್ಲೇ. ನಿಮಗೆ ಕೇಳಿಸಿದ್ದು ಅವರಿಗೆ ಕೇಳಿಸಿಲ್ಲ ಅಂತ ಹೇಗೆ ಹೇಳುತ್ತೀರಿ? ತಾನು ಕೇಳುತ್ತಿರುವಾಗಲೇ ತನ್ನ ಬಗ್ಗೆ ಪಾಪ ಅಂದದ್ದನ್ನು ಅವರು ನುಂಗಿಕೊಂಡಿರಬಹುದು. ಹೋಗಿ, ನೇರವಾಗಿ ಹೇಳಿ: ಇಸವಿ ಹೀಗಾಯಿತು, ಅವರು ಹೀಗಂದರು, ನೀವು ಹೇಳಿದ್ದನ್ನೇ ನಾನು ಬರೆದೆ ಅಂತ. 1556 ಎರಡನೇ ಪಾಣಿಪತ್ ಯುದ್ಧದ ಇಸವಿ, ಅದೂ ಅವರು ಓದಿದ್ದೇ ಇರಬೇಕು, ಎರಡೂ ಅದಲು ಬದಲಾಗಿವೆ. ಕಣ್ಣಿರುವ ಹುಡುಗರೂ ಪರೀಕ್ಷೆ ಮುಗಿಸಿ ಹೊರಗೆ ಬಂದು ಹಣೆ ಚಚ್ಚಿಕೊಳ್ಳುವ ತಪ್ಪು ಇದು. ಅಕ್ಕ ಸಿಟ್ಟಾದರೆ ಆಗಲಿ, ಅದಕ್ಕೂ ಅವರಿಗೆ ಹಕ್ಕಿದೆ. ನನಗೇನೋ ಅವರು ಸಿಟ್ಟಾಗಲಾರರು ಅನ್ನಿಸುತ್ತೆ.

ಮುಂದಿನ ಸಲ ಹೋಗಬೇಕಾ? ಖಂಡಿತ ಹೋಗಿ. ಆದರೆ ಪರೀಕ್ಷೆ ಬರುವವರೆಗೂ ಕಾಯಬೇಡಿ. ಅಕ್ಕನಿಗೆ, ಅವರ ಹಿಂದೆ ಬರುವ ಹುಡುಗ ಹುಡುಗಿಯರಿಗೆ, ಒಂದೆರಡು ಅಂಕ ಹೆಚ್ಚು ಬರಲಿ ಅನ್ನುವ ಆಸೆ ನಿಮಗಿದ್ದರೆ, ಅದಕ್ಕೆ ಕೆಲಸ ಮಾಡಬೇಕಾದ್ದು ಕಾಲೇಜು ಶುರುವಾಗುವಾಗ. ನಿಮ್ಮ ಗೆಳತಿಯರಿಗೂ ಇದನ್ನೇ ಹೇಳಿ, ಕರುಣೆ ಇರುವವರಿಗೆ ಆಗ ಕೈತುಂಬ ಕೆಲಸ ಇದೆ.

ಕನ್ನಡದಲ್ಲಿ ಪದವಿ ಓದುವ ಅಂಧ ವಿದ್ಯಾರ್ಥಿಗಳಿಗೆ ದೊಡ್ಡ ತೊಡಕು ಪುಸ್ತಕ. ಎನ್‌ವಿಡಿಎ ಅನ್ನುವ ಉಚಿತ ಸ್ಕ್ರೀನ್ ರೀಡರ್ ಇದೆ, ಕಂಪ್ಯೂಟರ್ ಪರದೆಯ ಮೇಲಿನ ಕನ್ನಡವನ್ನೂ ಓದಿ ಹೇಳುತ್ತೆ. ಆದರೆ ಅಕ್ಷರ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಕನ್ನಡ ಅಂತಲೇ ಗುರುತಿಸುವ ಸಂಕೇತದಲ್ಲಿರಬೇಕು. ನಮ್ಮಲ್ಲಿ ಎಷ್ಟೋ ನೋಟ್ಸ್ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಆಗಿರುತ್ತವೆ. ನಮ್ಮ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ, ಸ್ಕ್ರೀನ್ ರೀಡರ್‌ಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪುಟಗಳ ಫೋಟೋ ತೆಗೆದು ಪಿಡಿಎಫ್ ಮಾಡಿ ಗ್ರೂಪಿಗೆ ಹಾಕಿದರೂ ಅಷ್ಟೇ, ಅದು ಬರೀ ಚಿತ್ರ. ಹಾಗಾಗಿ ಅಕ್ಕನ ನೋಟ್ಸ್‌ಗಳನ್ನು ಯೂನಿಕೋಡ್‌ಗೆ ಬದಲಾಯಿಸಿ, ಒಂದು ಸಲ ತಿದ್ದಿ ಕೊಡಿ. ಅಷ್ಟು ಮಾಡಿದರೆ ಅವರು ಯಾರನ್ನೂ ಕಾಯದೆ, ತಮಗೆ ಬೇಕಾದ ಹೊತ್ತಿಗೆ, ಬೇಕಾದಷ್ಟು ಸಲ ಓದಿಕೊಳ್ಳಬಹುದು. ಇಸವಿ ಮರೆತರೆ ಅಲ್ಲಿಗೇ ಹೋಗಿ ಮತ್ತೆ ಕೇಳಬಹುದು.

ಓದಿ ರೆಕಾರ್ಡ್ ಮಾಡುವುದೂ ಒಳ್ಳೆಯ ಕೆಲಸವೇ. ಫ್ಯಾನ್ ಆಫ್ ಮಾಡಿ, ಪಾಠದ ಹೆಸರು ಮತ್ತು ಪುಟ ಸಂಖ್ಯೆ ಹೇಳಿ ಶುರು ಮಾಡಿ. ಒಂದು ಪಾಠಕ್ಕೆ ಒಂದು ಫೈಲ್. ನಕ್ಷೆ ಬಂದರೆ ಬಿಟ್ಟು ಮುಂದೆ ಹೋಗಬೇಡಿ, ಕೃಷ್ಣಾ ನದಿ ಎಲ್ಲಿ, ರಾಯಚೂರು ಯಾವ ದಿಕ್ಕಿಗೆ ಅಂತ ಮಾತಿನಲ್ಲಿ ಹೇಳಿ. ನಾಟಕದ ಥರ ಓದುವುದು ಬೇಡ, ಸ್ಪಷ್ಟವಾಗಿದ್ದರೆ ಸಾಕು. ಕೇಳುವವರು ವೇಗ ಹೆಚ್ಚಿಸಿಕೊಂಡು ಕೇಳುತ್ತಾರೆ. ಹಕ್ಕುಸ್ವಾಮ್ಯದ ಭಯ ಬೇಡ, 2012ರ ತಿದ್ದುಪಡಿಯ ನಂತರ ಅಂಗವಿಕಲರು ಓದಲು ಅನುಕೂಲವಾಗುವ ಪ್ರತಿಯನ್ನು ಅವರ ಸ್ವಂತ ಓದಿಗೆ, ಲಾಭದ ಉದ್ದೇಶ ಇಲ್ಲದೆ ಮಾಡಿಕೊಡಲು ನಮ್ಮ ಕಾನೂನು ಬಿಡುತ್ತದೆ. ಇದೇ ವಿಷಯದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯವೂ ಇದೆ, ಅಕ್ಕ ಅದರ ಸದಸ್ಯರಾ ಕೇಳಿ. ಇಲ್ಲದಿದ್ದರೆ ಜೊತೆಗೆ ಕೂತು ನೋಂದಣಿ ಮಾಡಿಸಿ.

ಎನ್ನೆಸ್ಸೆಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಕೆಲಸ ಮಾಡಬೇಕಲ್ಲ, ಈ ಕೆಲಸವನ್ನೂ ಅದರಲ್ಲಿ ಸೇರಿಸಬಹುದಾ ಅಂತ ನಿಮ್ಮ ಕಾರ್ಯಕ್ರಮಾಧಿಕಾರಿಗಳನ್ನು ಕೇಳಿ ನೋಡಿ. 1969ರ ಸೆಪ್ಟೆಂಬರ್ 24ರಂದು ಈ ಯೋಜನೆಗೆ ಚಾಲನೆ ಕೊಟ್ಟ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಅವರು ಮೂರು ವರ್ಷದ ನಂತರ ಬೆಂಗಳೂರಿನಲ್ಲಿ ಐಸೆಕ್ ಅನ್ನುವ ಸಮಾಜ ವಿಜ್ಞಾನದ ಸಂಶೋಧನಾ ಸಂಸ್ಥೆ ಕಟ್ಟಿದವರು. ಓದುವ ಹುಡುಗರು ಸುತ್ತಲಿನ ಜನರ ನಡುವೆ ಕೆಲಸ ಮಾಡಲಿ ಅನ್ನುವುದೇ ಯೋಜನೆಯ ಮೂಲ ಉದ್ದೇಶ. ಗಿಡ ನೆಡುವುದು, ಊರು ಸ್ವಚ್ಛ ಮಾಡುವುದು, ರಕ್ತದಾನ ಎಲ್ಲವೂ ಬೇಕು. ಜೊತೆಗೆ ಘಟಕದ ಹತ್ತು ಮಂದಿ ಸೇರಿ ಒಂದು ಪಟ್ಟಿ ಮಾಡಿ: ಯಾರ ಪರೀಕ್ಷೆ ಯಾವತ್ತು, ಯಾರು ಬಿಡುವಿರುತ್ತಾರೆ, ಅವರಿಗೆ ಏನಾದರೂ ಆದರೆ ಬದಲಿ ಯಾರು. ಬದಲಿಯ ಹೆಸರು ಇರಲೇಬೇಕು. ಆ ಪಟ್ಟಿ ತಾಲ್ಲೂಕಿನ ಕಾಲೇಜುಗಳಿಗೆ ಮೊದಲೇ ತಲುಪಿದರೆ ರಾತ್ರಿ ಹನ್ನೊಂದಕ್ಕೆ ಬರುವ ಅರ್ಜೆಂಟ್ ಮೆಸೇಜ್‌ಗಳು ಎಷ್ಟೋ ಕಡಿಮೆ ಆಗುತ್ತವೆ.

ಇಷ್ಟಕ್ಕೆಲ್ಲ ಮೊದಲು ಅಕ್ಕನನ್ನೇ ಕೇಳಿ, ನಿಮಗೆ ಏನು ಬೇಕು ಅಂತ. ನಾನು ಬರೆದದ್ದರಲ್ಲಿ ಅರ್ಧ ಅವರಿಗೆ ಬೇಡವಾಗಿರಬಹುದು. ಮುಂದೆ ಎಂ.ಎ. ಮಾಡುವ ಯೋಚನೆ ಇದೆಯಾ, ಯಾವ ಪುಸ್ತಕ ಸಿಗುತ್ತಿಲ್ಲ, ಎಲ್ಲ ಕೇಳಿಕೊಂಡು ನನಗೆ ಬರೆಯಿರಿ. ಟೈಪ್ ಮಾಡಿಕೊಡಲು, ಓದಿ ರೆಕಾರ್ಡ್ ಮಾಡಲು ತಯಾರಿರುವ ಓದುಗರು ನಮ್ಮಲ್ಲಿ ಖಂಡಿತ ಇದ್ದಾರೆ. ಅಕ್ಕ ಒಪ್ಪಿದರೆ ಮುಂದಿನ ಸಂಚಿಕೆಯಲ್ಲೇ, ಅವರ ಹೆಸರು ಹೇಳದೆ, ಆ ಪುಸ್ತಕಗಳ ಪಟ್ಟಿ ಹಾಕುತ್ತೇನೆ.